ಕೋಟೆ ಬಿಟ್ಟ ಜನರಲ್

ಆಲ್ಡರ್ ಹಳ್ಳದ ಗಿರಣಿ, ಹಡ್ಸನ್ ನದಿಯ ದಂಡೆ
14 ಜುಲೈ 1777

ಘನತೆವೆತ್ತ ಜನರಲ್ ಅಸಾಹೆಲ್ ವಿಕಮ್ ಅವರ ಸನ್ನಿಧಾನಕ್ಕೆ,

ತಮ್ಮ ಎಂದು ಕರೆಯಲು ಈ ವಾರ ನಾಲಿಗೆ ಏಳುತ್ತಿಲ್ಲ. ಅದಕ್ಕೇ ಪದವಿ ಹಿಡಿದು ಕರೆದಿದ್ದೇನೆ. ಆ ಪದವಿಯಾದರೂ ಇನ್ನೆಷ್ಟು ದಿನವೋ.

ಸರೋವರದ ಕೋಟೆಯನ್ನು ನೀನು ಒಂದು ಗುಂಡೂ ಹಾರಿಸದೆ ಇಂಗ್ಲಿಷರಿಗೆ ಬಿಟ್ಟು ಬಂದೆಯೆಂಬ ಸುದ್ದಿ ಬುಧವಾರ ಬಂತು. ತಂದವನು ಉಪ್ಪು ಮಾರುವವನು. ಸುಳ್ಳು ಬೊಗಳುತ್ತೀಯಾ ಎಂದು ಬೈದು ಅವನನ್ನು ಉಪ್ಪಿನ ಸಮೇತ ಅಟ್ಟಿದೆ. ಮರುದಿನ ಮೂಟೆ ಹೊತ್ತ ಹೆಂಗಸರು, ಮಕ್ಕಳು, ದನಕರು ರಸ್ತೆ ತುಂಬ ಬಂದರು. ಅವರ ಹಿಂದೆ ನಿನ್ನ ಸಿಪಾಯಿಗಳು. ಒಬ್ಬನಿಗೆ ಬಂದೂಕಿಲ್ಲ, ಒಬ್ಬನಿಗೆ ಬೂಟಿಲ್ಲ. ಕಾಲಿಗೆ ಬುದ್ಧಿ ಹೇಳುವ ವಿದ್ಯೆಯನ್ನು ಅವರಿಗೆ ಕಲಿಸಿದ ಗುರು ನೀನೇ ಎಂದು ಅವರೇ ಹೇಳಿದರು. ಉಪ್ಪಿನವನ ಮೇಲೆ ಸುಮ್ಮನೆ ರೇಗಿದೆನಲ್ಲ ಎಂದು ಬೇಜಾರಾಯಿತು.

ಭಾನುವಾರ ಚರ್ಚಿನ ಪ್ರಾರ್ಥನೆಗೆ ಹೋದರೆ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಪ್ರಾರ್ಥನೆ ಮುಗಿದ ಮೇಲೆ ಡೀಕನ್ ಪೆಲೆಗ್ ಹಲ್ಲು ಕಿರಿಯುತ್ತ ಬಂದರು.

"ಡಾರ್ಕಸಮ್ಮ, ಇಂಗ್ಲಿಷ್ರು ಕೋಟೆ ಒಳಕ್ಕೆ ಬೆಳ್ಳಿ ಗುಂಡು ಹೊಡೆದ್ರಂತಲ್ಲ, ನಿಮ್ ತಮ್ಮ ಎಲ್ಲಾ ಆರಿಸ್ಕೊಂಡು ಕೋಟೆ ಬಿಟ್ಕೊಟ್ರಂತೆ. ನಿಮಗೂ ಒಂದೆರಡು ಕಳಿಸಿದಾರಾ?"

"ಡೀಕನ್ನರೇ," ಅಂದೆ, "ನನ್ ತಮ್ಮ ಹೇಡಿ ಇರ್ಬಹುದು, ಕಳ್ಳ ಅಲ್ಲ. ಕಳ್ತನ ಮಾಡೋಕೂ ಒಂಚೂರು ಧೈರ್ಯ ಬೇಕಾಗುತ್ತೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಹತ್ತೊಂಬತ್ತು ವರ್ಷಗಳ ಹಿಂದೆ ಆ ಕೋಟೆ ಫ್ರೆಂಚರ ಕೈಯಲ್ಲಿದ್ದಾಗ ನಮ್ಮಪ್ಪ ಅದರ ಗೋಡೆಯ ಬುಡದಲ್ಲಿ ಸತ್ತ. ಅವನ ಪಕ್ಕದಲ್ಲೇ ಹದಿನೆಂಟರ ನೀನು ಇದ್ದೆ. ಅಪ್ಪ ಪ್ರಾಣ ಕೊಟ್ಟರೂ ಹತ್ತಲಾಗದ ಗೋಡೆಯಿಂದ ನೀನು ಮೆಟ್ಟಿಲಿಳಿದು ಹೊರಟುಬಂದೆ.

ಗಿಡಿಯನ್ ಎಲ್ಲಿ? ಮಾರ್ಚಿನಲ್ಲಿ ನನ್ನ ಒಬ್ಬನೇ ಮಗನನ್ನು ಕರೆದುಕೊಂಡು ಹೋಗುವಾಗ, "ಅಕ್ಕ, ಅವನನ್ನ ನನ್ ಕಣ್ಣೆದುರಿಗೇ ಇಟ್ಕೊಂಡಿರ್ತೀನಿ" ಎಂದಿದ್ದೆ. ಬದುಕಿದ್ದರೆ ಬರೆ. ಸತ್ತಿದ್ದರೆ ಬೇರೆ ಯಾರ ಕೈಯಿಂದಲಾದರೂ ಬರೆಸು. ನಿನ್ನ ಅಕ್ಷರದಲ್ಲಿ ಅದನ್ನು ಓದಲಾರೆ.

ನಿನಗೆ ಅಕ್ಕನಾಗಿ ಹುಟ್ಟಿದ,
ಡಾರ್ಕಸ್ ಪ್ರೈನ್


ನದಿ ದಂಡೆಯ ಪಾಳೆಯ
22 ಜುಲೈ 1777

ಅಕ್ಕಾ,

ಗಿಡಿಯನ್ ಬದುಕಿದ್ದಾನೆ. ಜ್ವರ ಬಂದಿತ್ತು, ಬಿಟ್ಟಿದೆ. ಮರ ಕಡಿದು ದಾರಿಗೆ ಅಡ್ಡ ಕೆಡಹುವ ದಳದಲ್ಲಿ ಕೆಲಸ ಮಾಡುತ್ತಿದ್ದಾನೆ.

ಕೋಟೆಯ ವಿಷಯ ನನ್ನ ವಿಚಾರಣೆಯಲ್ಲಿ ಹೇಳುತ್ತೇನೆ. ವಿಚಾರಣೆಯಂತೂ ಆಗಿಯೇ ಆಗುತ್ತದೆ. ಈಗ ಹೇಳಿದರೆ ನೀನು ನಂಬುವುದಿಲ್ಲ. ನಂಬಿದರೂ ಬೈಯುವುದು ಬಿಡುವುದಿಲ್ಲ.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಇಂಗ್ಲಿಷರು ಕೆನಡಾದಿಂದ ತಂದ ದಿನಸಿ ಮುಗಿಯುತ್ತ ಬಂದಿದೆ. ಇನ್ನು ಮುಂದೆ ಅವರು ನಮ್ಮ ಹೊಲದ್ದನ್ನೇ ತಿನ್ನಬೇಕು. ಅವರ ದಾರಿಯಲ್ಲಿ ಒಂದು ತೆನೆಯೂ ನಿಲ್ಲಬಾರದು, ಒಂದು ಬೀಸುವ ಕಲ್ಲೂ ತಿರುಗಬಾರದು ಎಂದು ಆಜ್ಞೆ ಮಾಡಿದ್ದೇನೆ. ಆ ದಾರಿಯಲ್ಲಿ ನಿನ್ನ ಗಿರಣಿಯೂ ಇದೆ, ನಿನ್ನ ಹದಿನಾರು ಎಕರೆ ಗೋಧಿಯೂ ಇದೆ. ತಿಂಗಳ ಕೊನೆಯೊಳಗೆ ಸುಡಬೇಕು. ನೀನೇ ಸುಟ್ಟರೆ ಒಳ್ಳೆಯದು. ಇಲ್ಲವಾದರೆ ನನ್ನವರು ಬರುತ್ತಾರೆ. ಹಸುಗಳನ್ನು ಹೊಡೆದುಕೊಂಡು ಆಲ್ಬನಿಗೆ ಹೋಗಿಬಿಡು.

ಬಾವ ಆ ಗಿರಣಿಯನ್ನು ಎಷ್ಟು ಕಷ್ಟಪಟ್ಟು ಕಟ್ಟಿದರು ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಿನ್ನ ತಮ್ಮ,
ಅಸಾಹೆಲ್


ಆಲ್ಬನಿ
6 ಆಗಸ್ಟ್ 1777

ಜನರಲ್ ಸಾಹೇಬರೇ,

ಅಭಿನಂದನೆ. ಈ ಯುದ್ಧದಲ್ಲಿ ತಮ್ಮ ಸೇನೆ ಕೊನೆಗೂ ಒಂದು ಕಟ್ಟಡ ಗೆದ್ದಿತು. ಅದನ್ನು ಕಾಯುತ್ತಿದ್ದದ್ದು ನಲವತ್ತೆರಡು ವರ್ಷದ ಒಬ್ಬ ವಿಧವೆ. ಅವಳ ಹತ್ತಿರ ಫಿರಂಗಿ ಇರಲಿಲ್ಲ.

ನಾನೇ ಸುಡುತ್ತೇನೆಂದು ನೀನು ಹೇಗೆ ಅಂದುಕೊಂಡೆ? ಮೂವತ್ತೊಂದರ ಬೆಳಿಗ್ಗೆ ಅಗುಳಿ ಹಾಕಿಕೊಂಡು ಗಿರಣಿಯೊಳಗೇ ಕುಳಿತೆ. ಹತ್ತು ಜನ ಬಂದರು. ಅವರ ನಾಯಕನಾಗಿ ಯಾರನ್ನು ಕಳಿಸಿದ್ದೆ ಎಂದು ನಿನಗೆ ಗೊತ್ತು. ತಾಯಿ ಮಗನ ಮಾತಿಗೆ ಕರಗುತ್ತಾಳೆ ಎಂಬ ಲೆಕ್ಕ ತಾನೇ?

"ಅಮ್ಮ, ಬಾಗ್ಲು ತೆಗಿ. ನಾನು, ಗಿಡಿಯನ್."

"ನನ್ ಮಗ ಕೋಟೆ ಕಾಯೋಕೆ ಹೋಗಿದಾನೆ. ಗಿರಣಿ ಸುಡೋರು ಯಾರೂ ನಂಗೆ ಪರಿಚಯ ಇಲ್ಲ."

"ಅಮ್ಮ, ನಾನ್ ಹೇಳೋದು ಕೇಳು. ಇಂಗ್ಲಿಷ್ರು ಕೋಟೆ ಎದುರಿನ ಬೋಳುಗುಡ್ಡದ ಮೇಲಕ್ಕೆ ಫಿರಂಗಿ ಎಳ್ಕೊಂಡು ಹೋಗ್ಬಿಟ್ರು. ಅಲ್ಲಿ ನಿಂತ್ರೆ ನಮ್ಮ ಗಂಜಿ ಪಾತ್ರೆ ಕೂಡ ಕಾಣುತ್ತೆ. ಇನ್ನೊಂದು ದಿನ ಇದ್ದಿದ್ರೆ ಎರಡೂವರೆ ಸಾವಿರ ಜನಾನೂ ಬೋನಲ್ಲಿರೋ ಇಲಿ ಹಾಗೆ ಸಾಯ್ತಿದ್ವಿ."

"ಹೀಗೆ ಹೇಳು ಅಂತ ಮಾವ ಹೇಳ್ಕೊಟ್ನಾ?"

"ನಾನೇ ಕಣ್ಣಾರೆ ನೋಡ್ದೆ."

"ಓಡೋವಾಗ ತಿರುಗಿ ನೋಡೋಕೂ ಪುರುಸೊತ್ತು ಸಿಕ್ತಾ ನಿಂಗೆ?"

ಹೊರಗೆ ಅವನ ಜೊತೆಯವರು ಕಿಸಕ್ಕೆಂದು ನಕ್ಕರು. ಬಾಗಿಲು ತೆಗೆದೆ. ಅವನ ಮುಖ ಕೆಂಪಾಗಿತ್ತು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಇನ್ನೂ ಕೆಲವು ಮಾತು ಅಂದೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಅವನು ಒಳಗೆ ಬಂದ. ನನ್ನ ಪೆಟ್ಟಿಗೆ, ರಜಾಯಿ, ಅವರಪ್ಪನ ಕುರ್ಚಿ ಎಲ್ಲವನ್ನೂ ತಾನೇ ಹೊತ್ತು ಗಾಡಿಗಿಟ್ಟ. ಆಮೇಲೆ ಪಂಜನ್ನೂ ತಾನೇ ಹಿಡಿದ, ಬೇರೆಯವರಿಗೆ ಕೊಡಲಿಲ್ಲ.

ಗೋಧಿ ಹೊಲ ಉರಿಯುವಾಗ ಒಂದು ಕ್ಷಣ ಬ್ರೆಡ್ಡು ಬೇಯುವ ವಾಸನೆಯೇ ಬರುತ್ತದೆ. ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಆಜ್ಞೆ ಬರೆಯುವವರಿಗೆ ವಾಸನೆ ತಟ್ಟುವುದಿಲ್ಲ.

ಮನೆಯಿಲ್ಲದ,
ಡಾರ್ಕಸ್ ಪ್ರೈನ್


ಆಲ್ಡರ್ ಹಳ್ಳದಿಂದ ದಕ್ಷಿಣಕ್ಕೆ ಏಳು ಮೈಲಿ, ಪಾಳೆಯ
21 ಆಗಸ್ಟ್ 1777

ಅಕ್ಕಾ,

ನಿನಗೆ ಸಂತೋಷವಾಗುವ ಸುದ್ದಿ. ನನ್ನನ್ನು ತೆಗೆದುಹಾಕಿದ್ದಾರೆ. ನಮ್ಮ ಹದಿಮೂರು ರಾಜ್ಯಗಳ ಕಾಂಗ್ರೆಸ್ಸಿನ ಕಾಗದದಲ್ಲಿ ಒಂದೇ ಸಾಲು. ನನ್ನ ಜಾಗಕ್ಕೆ ಜನರಲ್ ಲೆಮ್ಯುಯೆಲ್ ಸ್ಟ್ರೌಡ್ ಮೊನ್ನೆ ಬಂದರು. ಕೋಟಿನ ಮೇಲೆ ಒಂದು ಧೂಳಿನ ಕಣವಿಲ್ಲ. ಸೇನೆಯನ್ನು ಸಾಲಾಗಿ ನಿಲ್ಲಿಸಿ ತೋರಿಸಿದಾಗ ಅಂದರು:

"ನಿಮ್ ಹುಡುಗ್ರು ಓಡೋದ್ರಲ್ಲಿ ಚೆನ್ನಾಗಿ ಪಳಗಿದಾರಂತಲ್ಲ, ಜನರಲ್ಲೇ?"

"ಹೌದು, ಅದಕ್ಕೇ ನಿಮಗೆ ಒಪ್ಪಿಸೋಕೆ ಇನ್ನೂ ಜೀವಂತ ಇದಾರೆ" ಅಂದೆ.

ಇಂಗ್ಲಿಷರು ಇಪ್ಪತ್ತೆರಡು ಮೈಲಿ ಬರಲು ಇಪ್ಪತ್ತನಾಲ್ಕು ದಿನ ತೆಗೆದುಕೊಂಡರು. ಹೆಜ್ಜೆ ಹೆಜ್ಜೆಗೂ ನಾವು ಕೆಡವಿದ ಮರ, ನಾವು ಮುರಿದ ಸೇತುವೆ. ಜುಲೈನಲ್ಲಿ ನನ್ನ ಹತ್ತಿರ ಇದ್ದವರು ಎರಡೂವರೆ ಸಾವಿರ. ಸ್ಟ್ರೌಡರಿಗೆ ಒಪ್ಪಿಸಿದ್ದು ಆರು ಸಾವಿರ, ಪ್ರತಿದಿನ ಇನ್ನೂ ಬರುತ್ತಿದ್ದಾರೆ. ಇದನ್ನೆಲ್ಲ ಜಂಬಕ್ಕೆ ಬರೆಯುತ್ತಿಲ್ಲ. ನಿನ್ನ ಗಿರಣಿ ಯಾತಕ್ಕೆ ಹೋಯಿತೆಂದು ನಿನಗೆ ತಿಳಿದಿರಲಿ ಎಂದು.

ಅಪ್ಪ ಹೇಗೆ ಸತ್ತನೆಂದು ನಿನಗೆ ಈವರೆಗೂ ಹೇಳಿಲ್ಲ. ಆ ದಿನ ನಮ್ಮನ್ನು ನಡೆಸುತ್ತಿದ್ದ ಜನರಲ್ ಹಿಂದೆ ಎಲ್ಲೋ ನೆರಳಿನಲ್ಲಿದ್ದರು. ಗೋಡೆಯ ಮುಂದೆ ಮೊನಚು ಕೊಂಬೆಗಳ ಬೇಲಿ. ಮಧ್ಯಾಹ್ನದಿಂದ ಸಂಜೆಯವರೆಗೆ ಐದು ಸಲ ಹೋದೆವು, ಐದು ಸಲವೂ ಬೇಲಿಯಲ್ಲೇ ಸಿಕ್ಕಿಕೊಂಡೆವು. ಆರನೇ ಸಲಕ್ಕೆ ಹುಕುಂ ಬಂದಾಗ ಅಪ್ಪ ಪಕ್ಕದವನನ್ನು, "ಅವ್ರು ಒಂದ್ಸಲ ಬಂದು ನೋಡ್ಬಾರ್ದಾ?" ಎಂದು ಕೇಳಿದ. ಅಷ್ಟು ಕೇಳಿ ಎದ್ದು ಹೋದ. ಸೋತೆವೆಂದು ಒಪ್ಪಿಕೊಳ್ಳುವ ಧೈರ್ಯ ಆ ದೊಡ್ಡ ಮನುಷ್ಯರಿಗೆ ಇರಲಿಲ್ಲ. ಅದಕ್ಕೆ ಅಪ್ಪನ ಧೈರ್ಯ ಖರ್ಚಾಯಿತು.

ಇನ್ನೊಂದು ವಿಷಯ. ಗಿಡಿಯನ್‌ನನ್ನು ನನ್ನ ಜೊತೆ ಬಾ ಎಂದೆ. ಬರುವುದಿಲ್ಲ ಎಂದ. ಎಲ್ಲರಿಗಿಂತ ಮುಂದೆ ನುಗ್ಗುವ ದಳಕ್ಕೆ ತಾನೇ ಹೋಗಿ ಹೆಸರು ಬರೆಸಿದ್ದಾನೆ. ಯಾಕೆ ಎಂದರೆ ಬಂದೂಕು ಒರೆಸತೊಡಗಿದ. ನೀನು ಅವನಿಗೆ ಏನಾದರೂ ಅಂದೆಯಾ?

ಅಸಾಹೆಲ್


ಜನರಲ್ ಸ್ಟ್ರೌಡರ ಪಾಳೆಯ
4 ಅಕ್ಟೋಬರ್ 1777

ಅಸಾಹೆಲ್,

ಗಿರಣಿ ಇಲ್ಲದವಳಿಗೂ ಹೊಟ್ಟೆ ಇರುತ್ತದೆ. ಪಾಳೆಯದಲ್ಲಿ ಒಲೆ ಹಾಕಿಕೊಂಡು ದಿನಕ್ಕೆ ಇನ್ನೂರು ಬ್ರೆಡ್ಡು ಬೇಯಿಸುತ್ತಿದ್ದೇನೆ. ಹಾಗಾಗಿ ನಿನ್ನ ಜಾಗಕ್ಕೆ ಬಂದ ಮಹಾಪುರುಷರ ದರ್ಶನ ದಿನಾ ಆಗುತ್ತದೆ.

ನಿನ್ನನ್ನು ಹೀನಾಯವಾಗಿ ಕಂಡ ನನಗೆ ಇವರನ್ನು ಕಾಣಲು ಇನ್ನೂ ಕೆಳಗೆ ಬಗ್ಗಬೇಕಾಗಿದೆ. ಸೆಪ್ಟೆಂಬರಿನಲ್ಲಿ ಒಂದು ದಿನವಿಡೀ ಕಾಳಗ ನಡೆಯಿತು. ಇವರು ಗುಡಿಸಲು ಬಿಟ್ಟು ಹೊರಗೆ ಬರಲಿಲ್ಲ. ಗುಂಡಿನ ಸದ್ದಿಗೆ ಕೈ ನಡುಗಿ ಶಾಯಿ ಚೆಲ್ಲೀತೆಂದು ಕಿಟಕಿ ಮುಚ್ಚಿಸಿದರು. ಗೆದ್ದೆವೆಂಬ ಕಾಗದವನ್ನು ಕಾಳಗ ಮುಗಿಯುವ ಮೊದಲೇ ಬರೆಸಿದರು.

ಮೊನ್ನೆ ಕಾಂಗ್ರೆಸ್ಸಿನಿಂದ ಇಬ್ಬರು ಬಂದಿದ್ದರು. ನಾನು ಬ್ರೆಡ್ಡು ಇಡಲು ಹೋದಾಗ ಸ್ಟ್ರೌಡರು ಅವರಿಗೆ ಹೇಳುತ್ತಿದ್ದರು: "ಪೈರು ಸುಡ್ಸಿ ಶತ್ರೂನ ಹಸಿವಿಗೆ ಕೆಡವಿದ್ದು ನನ್ನದೇ ಉಪಾಯ."

ನನಗೆ ತಡೆಯಲಾಗಲಿಲ್ಲ. "ಸಾಹೇಬ್ರೇ, ನನ್ ಗಿರಣಿ ಸುಟ್ಟಿದ್ದು ಜುಲೈ ಮೂವತ್ತೊಂದಕ್ಕೆ. ನೀವು ಬಂದಿದ್ದು ಆಗಸ್ಟ್ ಹತ್ತೊಂಬತ್ತಕ್ಕೆ. ಅಷ್ಟು ದೂರದಿಂದ್ಲೇ ಉಫ್ ಅಂತ ಊದಿದ್ರಾ?"

"ಯಾರೀ ಹೆಂಗ್ಸು?" ಎಂದರು.

"ನೀವ್ ತಿಂತಿರೋ ಬ್ರೆಡ್ಡು ಮಾಡೋಳು."

ಅತಿಥಿಗಳು ತಟ್ಟೆ ನೋಡಿಕೊಂಡು ಕುಳಿತರು. ಸ್ಟ್ರೌಡರು ನನ್ನನ್ನು ಓಡಿಸಲಿಲ್ಲ. ಇನ್ನೂರು ಬ್ರೆಡ್ಡು ಬೇಯಿಸುವವರು ಬೇರೆ ಸಿಗಬೇಕಲ್ಲ.

ಇಂಗ್ಲಿಷರ ಕಡೆ ಕೂಲಿಗೆ ಬಂದ ಒಬ್ಬ ಜರ್ಮನ್ ಸಿಪಾಯಿ ತಪ್ಪಿಸಿಕೊಂಡು ಬಂದ. ಒಂದು ಬ್ರೆಡ್ಡು ಕೊಟ್ಟೆ. ಅವನು ಎರಡು ಕೈಯಲ್ಲಿ ಹಿಡಿದು, ಅಳುತ್ತ, ಸೀದುಹೋದ ತಳವನ್ನೂ ಬಿಡದೆ ತಿಂದ. ನೀನು ಯಾತಕ್ಕೆ ಪೈರು ಸುಡಿಸಿದೆ ಎಂದು ಆಗ ಅರ್ಥವಾಯಿತು. ಅರ್ಥವಾಯಿತು ಎಂದಷ್ಟೇ ಬರೆದಿದ್ದೇನೆ. ಕ್ಷಮಿಸಿದೆ ಎಂದು ಓದಿಕೊಳ್ಳಬೇಡ.

ಗಿಡಿಯನ್ ದಿನವೂ ಬ್ರೆಡ್ಡಿನ ಸಾಲಿನಲ್ಲಿ ಬರುತ್ತಾನೆ. ಬೇರೆ ಸಿಪಾಯಿಗಳ ಹಾಗೆಯೇ ತೆಗೆದುಕೊಂಡು ಹೋಗುತ್ತಾನೆ. ಅವನಿಗೆ ದೊಡ್ಡದನ್ನು ಎತ್ತಿಟ್ಟಿರುತ್ತೇನೆ. ಅದನ್ನು ಹಿಂದಿನವನಿಗೆ ಕೊಟ್ಟು ಚಿಕ್ಕದನ್ನು ಹಿಡಿದು ಹೋಗುತ್ತಾನೆ.

ಡಾರ್ಕಸ್


ಯಾರ್ಕ್, ಪೆನ್ಸಿಲ್ವೇನಿಯಾ
9 ನವೆಂಬರ್ 1777

ಅಕ್ಕಾ,

ಇಂಗ್ಲಿಷ್ ಸೇನೆ ಪೂರ್ತಿಯಾಗಿ ಶರಣಾಯಿತೆಂದು, ನಾನು ವಿಚಾರಣೆಗೆ ಕಾಯುತ್ತಿರುವ ಈ ಕಾಂಗ್ರೆಸ್ಸಿನ ಊರಿನಲ್ಲಿ ಮೂರು ದಿನ ಗಂಟೆ ಬಾರಿಸಿದರು. ಸ್ಟ್ರೌಡರಿಗೆ ಚಿನ್ನದ ಪದಕವಂತೆ. ಜನ ಬೀದಿಯಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಯಾರೆಂದು ತಿಳಿಯದ ಒಬ್ಬ ಮುದುಕ ನನ್ನನ್ನೂ ತಬ್ಬಿಕೊಂಡ.

ಆಮೇಲೆ ಪಟ್ಟಿ ಬಂತು. ಅಕ್ಟೋಬರ್ ಏಳರ ಕಾಳಗದಲ್ಲಿ ಗಾಯಗೊಂಡು ತೀರಿಹೋದವರ ಹೆಸರುಗಳಲ್ಲಿ ಗಿಡಿಯನ್ ಪ್ರೈನ್ ಎಂದಿದೆ.

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದು. ಇದರಲ್ಲೂ ಏನೂ ಇಲ್ಲ. ಬೈಯುವುದಾದರೂ ಬೈದು ಒಂದು ಕಾಗದ ಹಾಕು.

ಅಸಾಹೆಲ್


ಆಲ್ಬನಿ
20 ಫೆಬ್ರವರಿ 1778

ಅಸಾಹೆಲ್,

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಕೈಗೆ ಪೆನ್ನು ಹಿಡಿಯುವುದು ಮರೆತುಹೋಗಿತ್ತು.

ಆ ದಿನ ಮಧ್ಯಾಹ್ನ ಕಾಳಗ ಶುರುವಾದಾಗ ನಾನು ಹಿಟ್ಟು ನಾದುತ್ತಿದ್ದೆ. ಸ್ಟ್ರೌಡರು ಅವತ್ತೂ ಗುಡಿಸಲಲ್ಲೇ ಇದ್ದರು. ಮುಂದೆ ಏನಾಗುತ್ತಿದೆ ಎಂದು ಓಡಿಬಂದು ಹೇಳಿದವನಿಗೆ, ಊಟ ಮುಗಿಯಲಿ ಎಂದರಂತೆ. ಅವರ ಹುಕುಂ ಇಲ್ಲದೆಯೇ ಮುಂದಿನ ದಳದವರು ಜರ್ಮನರ ದಿಬ್ಬಕ್ಕೆ ನುಗ್ಗಿದರು. ಎಲ್ಲರಿಗಿಂತ ಮೊದಲು ಹತ್ತಿದ ಆರು ಜನರಲ್ಲಿ ಗಿಡಿಯನ್ ಒಬ್ಬ.

ಗಾಯಾಳುಗಳನ್ನು ಹಾಕಿದ್ದ ಕೊಟ್ಟಿಗೆಯಲ್ಲಿ ಸಿಕ್ಕಿದ. ಗುಂಡು ತೊಡೆಯೊಳಗೆ ಹೊಕ್ಕಿತ್ತು. ಎರಡು ದಿನ ಬದುಕಿದ್ದ. ನನ್ನನ್ನು ನೋಡಿ ಮೊದಲು ಅಂದದ್ದು, "ಅಮ್ಮ, ಈ ಸಲ ಓಡ್ಲಿಲ್ಲ ನಾನು."

ಅವತ್ತೂ ನೀನು ಓಡಿರಲಿಲ್ಲ ಕಣಪ್ಪ ಎಂದು ಹೇಳಬೇಕಾಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವನು ನೀರು ಕೇಳಿದ. ನೀರು ತರುವಷ್ಟರಲ್ಲಿ ಜ್ವರ ತಲೆಗೇರಿತ್ತು. ಆಮೇಲೆ ಅವನು ಮಾತಾಡಿದ್ದೆಲ್ಲ ಎತ್ತುಗಳ ಜೊತೆ, ಹಳ್ಳದ ಜೊತೆ, ಅವರಪ್ಪನ ಜೊತೆ. ನನ್ನ ಜೊತೆ ಅಲ್ಲ.

ಆಗಸ್ಟಿನಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. ಹೌದು. ಅಂದೆ. ಅವನ ಜೊತೆಯವರ ಎದುರಿಗೇ ಅಂದೆ. ಮಾವನ ರೋಗ ನಿನಗೂ ಅಂಟಿದೆ, ಈ ಹೊಟ್ಟೆಯಲ್ಲಿ ಹೆಣ್ಣು ಹುಟ್ಟಿದ್ದರೂ ಅಂಜದೆ ನಿಲ್ಲುತ್ತಿತ್ತು, ನಿಮ್ಮಜ್ಜ ಇದ್ದಿದ್ದರೆ ನಿನ್ನ ಮುಖ ನೋಡುತ್ತಿರಲಿಲ್ಲ ಎಂದೆ. ಗಿರಣಿಯ ಬಾಗಿಲಲ್ಲಿ ನಿಂತು, ಎಷ್ಟು ಚೆನ್ನಾಗಿ ಮಾತಾಡುತ್ತಿದ್ದೇನೆ ಎಂದು ಹೆಮ್ಮೆಪಡುತ್ತ ಅಂದೆ. ಗುಡಿಸಲಲ್ಲಿ ಕುಳಿತು ಬೇರೆಯವರನ್ನು ಮುಂದಕ್ಕೆ ಕಳಿಸುವ ಸ್ಟ್ರೌಡನಿಗೆ ಉಗಿದವಳು ನಾನು. ನಾನು ಮಾಡಿದ್ದಾದರೂ ಏನು?

ನಿನ್ನ ವಿಚಾರಣೆ ಯಾವಾಗ, ಎಲ್ಲಿ ಎಂದು ತಿಳಿಸು. ಬರುತ್ತೇನೆ. ನಿನ್ನ ಮೇಲಿನ ಪ್ರೀತಿಗೆ ಎಂದುಕೊಳ್ಳಬೇಡ.

ಡಾರ್ಕಸ್


ನ್ಯಾಯಮಂಡಳಿ ಕುಳಿತ ಊರಿನಿಂದ
14 ಸೆಪ್ಟೆಂಬರ್ 1778

ಅಕ್ಕಾ,

ಸಾಕ್ಷಿ ಹೇಳಿದವಳು ನನ್ನ ಕಡೆ ಒಮ್ಮೆಯೂ ನೋಡದೆ ಗಾಡಿ ಹತ್ತಿ ಹೊರಟುಹೋದೆ. ಗುಮಾಸ್ತರು ಬರೆದುಕೊಂಡದ್ದನ್ನು ಬೇಡಿ ತಂದು ಓದುತ್ತಿದ್ದೇನೆ. ನೀನು ಅಂದದ್ದನ್ನು ಅಂದ ಹಾಗೆಯೇ ಬರೆದಿದ್ದಾರೆ. ಬಹುಶಃ ತಿದ್ದಲು ಹೆದರಿರಬೇಕು.

"ಆರೋಪಿ ನಿಮಗೆ ಏನಾಗಬೇಕು?"

"ತಮ್ಮ. ನಾನ್ ಆರಿಸ್ಕೊಂಡಿದ್ದಲ್ಲ."

"ಇವರು ಹೇಡಿ ಅಂತ ನೀವೇ ಊರಲ್ಲೆಲ್ಲ ಹೇಳಿದ್ರಂತೆ?"

"ಹೇಳ್ದೆ. ಗಟ್ಟಿಯಾಗೇ ಹೇಳ್ದೆ. ಆಗ ನಂಗೂ ನಿಮ್ಮಷ್ಟೇ ತಿಳುವಳಿಕೆ ಇತ್ತು."

ಅಧ್ಯಕ್ಷರು ಮೇಜು ಕುಟ್ಟಿ ಎಲ್ಲರ ನಗು ನಿಲ್ಲಿಸಿದರೆಂದು ಅಂಚಿನಲ್ಲಿ ಬರೆದಿದೆ.

"ಪೈರು, ಗಿರಣಿ ಸುಡುವ ಆಜ್ಞೆ ಜನರಲ್ ಸ್ಟ್ರೌಡರದು ಅಂತ ಅವರ ವರದಿಯಲ್ಲಿದೆ."

"ನನ್ನ ಹತ್ರ ಇವನ ಕಾಗದ ಇದೆ, ಜುಲೈ ಇಪ್ಪತ್ತೆರಡರದು. ಓದ್ಕೊಳ್ಳಿ. ಸ್ಟ್ರೌಡ್ ಸಾಹೇಬ್ರು ಸುಟ್ಟಿದ್ದು ಅಂದ್ರೆ ನಾನ್ ಮಾಡಿದ ಬಿಸಿ ಬ್ರೆಡ್ಡಲ್ಲಿ ಅವ್ರ ನಾಲಿಗೆ ಮಾತ್ರ."

"ಕೋಟೆ ಬಿಟ್ಟದ್ದು ಸರಿ ಅಂತೀರಾ?"

"ಆ ಕೋಟೇಲಿ ನನ್ ಮಗ ಇದ್ದ. ಇವನು ಕೋಟೆ ಬಿಡದೆ ಇದ್ದಿದ್ರೆ ಅವನು ಜುಲೈನಲ್ಲೇ ಸಾಯ್ತಿದ್ದ. ಅಕ್ಟೋಬರಿನವರೆಗೂ ಬದುಕಿದ. ಆ ಮೂರು ತಿಂಗಳು ಇವನು ಕೊಟ್ಟಿದ್ದು. ಆಮೇಲಾಗಿದ್ದಕ್ಕೆ ಇವನು ಕಾರಣ ಅಲ್ಲ."

"ಮತ್ತೆ ಯಾರು?"

ಗುಮಾಸ್ತರ ಬರಹ ಇಲ್ಲಿಗೆ ಮುಗಿಯುತ್ತದೆ. ನೀನು ಟೋಪಿಯ ದಾರ ಕಟ್ಟಿಕೊಳ್ಳುತ್ತಿದ್ದೆ. ಗಂಟು ಬೀಳುತ್ತಿರಲಿಲ್ಲ. ಎದ್ದು ಬಂದು ಕಟ್ಟೋಣವೆನ್ನಿಸಿತು. ಆರೋಪಿ ಎದ್ದು ಓಡಾಡುವ ಹಾಗಿಲ್ಲ.

ಎಲ್ಲ ಆರೋಪಗಳಿಂದಲೂ ನನ್ನನ್ನು ಗೌರವದಿಂದ ಬಿಟ್ಟಿದ್ದಾರೆ. ಆದರೆ ಸೇನೆ ಕೊಡುವುದಿಲ್ಲವಂತೆ. ಸಿಪಾಯಿಗಳಿಗೆ ನನ್ನ ಹೆಸರಿನ ಮೇಲೆ ನಂಬಿಕೆ ಬರುವುದಿಲ್ಲವೆಂದು ಬಹಳ ಮರ್ಯಾದೆಯಿಂದ ಹೇಳಿದರು. ಇನ್ನು ನನಗೆ ಹೋಗಬೇಕಾದ ಜಾಗ ಯಾವುದೂ ಇಲ್ಲ. ನೀನು ಮತ್ತೆ ಆಲ್ಡರ್ ಹಳ್ಳಕ್ಕೆ ಹೋಗಿದ್ದೀಯಂತೆ. ನಾನೂ ಅಲ್ಲಿಗೆ ಬರಲಾ?

ನಿನ್ನ ತಮ್ಮ,
ಅಸಾಹೆಲ್


ಆಲ್ಡರ್ ಹಳ್ಳ
3 ಅಕ್ಟೋಬರ್ 1778

ಅಸಾಹೆಲ್,

ಗೌರವದಿಂದ ಬಿಟ್ಟರಂತೆ! ಕೋಟೆಯ ಗೋಡೆ ಯಾವುದು, ಹಟ್ಟಿಯ ಗೋಡೆ ಯಾವುದು ಎಂದು ತಿಳಿಯದ ಹದಿಮೂರು ಜನಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅವರ ಗೌರವವನ್ನು ಮಡಿಸಿ ಜೇಬಿನಲ್ಲಿಟ್ಟುಕೋ. ಇಲ್ಲಿ ಅದಕ್ಕೆ ಮೊಳೆಯೂ ಸಿಗುವುದಿಲ್ಲ.

ಊರಿನವರು ಸ್ಟ್ರೌಡರ ಚಿತ್ರವನ್ನು ಹೆಂಡದಂಗಡಿಯ ಬಾಗಿಲಿಗೆ ಹಾಕಿದ್ದಾರೆ. ಚಿತ್ರದಲ್ಲಿ ಕುದುರೆ ಮೇಲಿದ್ದಾರೆ, ಕತ್ತಿ ಹಿರಿದಿದ್ದಾರೆ. ಇಡೀ ಪಾಳೆಯದಲ್ಲಿ ಅವರನ್ನು ಕುದುರೆ ಮೇಲೆ ನೋಡಿದವರು ಯಾರೂ ಇಲ್ಲ. ನೀನು ಬಂದರೆ ಜನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಎದುರಿಗೇ ಅನ್ನುವವರೂ ಇದ್ದಾರೆ. ಅವರಿಗೆ ಉತ್ತರ ಕೊಡುವ ಕೆಲಸ ನನಗಿರಲಿ. ನಿನಗೆ ಅದು ಬರುವುದಿಲ್ಲ.

ಸಮವಸ್ತ್ರದಲ್ಲಿ ಬರಬೇಡ. ಹಳೆಯ ಬಟ್ಟೆ ತಾ. ಸುಟ್ಟ ಅಡಿಪಾಯದ ಮೇಲೆಯೇ ಗಿರಣಿ ಏಳುತ್ತಿದೆ. ತಿಂಗಳ ಕೊನೆಯ ಗುರುವಾರ ದೊಡ್ಡ ತೊಲೆ ಏರಿಸುತ್ತೇವೆ. ಅದಕ್ಕೆ ಎಂಟು ಜನ ಬೇಕು. ಊರೆಲ್ಲ ತಿರುಗಿ ಏಳು ಜನರನ್ನು ಒಪ್ಪಿಸಿದ್ದೇನೆ. ಎಂಟನೆಯವನ ಜಾಗಕ್ಕೆ ಯಾರನ್ನೂ ಕೇಳಲು ನನಗೆ ಮನಸ್ಸು ಬರಲಿಲ್ಲ.

ಬಾ.

ಅಕ್ಕ